ಸಂಪಾದಕರ ಮಾತು: ಅವಸರದ ತೀರ್ಪು ಬೇಡ

ಮ್ಯಾಡಲಿನ್ ಮಿಲ್ಲರ್ ಅವರ ‘ದಿ ಸಾಂಗ್ ಆಫ್ ಅಕಿಲೀಸ್’ 2011ರಲ್ಲಿ ಬಂದು ಮರುವರ್ಷ ಆರೆಂಜ್ ಪ್ರಶಸ್ತಿ ಪಡೆದ ಕಾದಂಬರಿ. ಹೋಮರನ ‘ಇಲಿಯಡ್’ನ ಅಕಿಲೀಸ್ ಮತ್ತು ಪ್ಯಾಟ್ರೋಕ್ಲಸ್ ಅದರಲ್ಲಿ ಪ್ರೇಮಿಗಳು. ಇಂದಿನ ಗೀಳನ್ನು ಹೋಮರನ ತಲೆಗೆ ಕಟ್ಟಿದ್ದಾರೆ ಎಂಬ ಆಕ್ಷೇಪವನ್ನು ಈಗಲೂ ಒಪ್ಪಿಸುತ್ತಿರುವವರು ಗ್ರೀಕರನ್ನೇ ಸರಿಯಾಗಿ ಓದಿಲ್ಲ. ಪ್ಲೇಟೋನ ‘ಸಿಂಪೋಸಿಯಂ’ನಲ್ಲಿ ಫೀಡ್ರಸ್ ಎಂಬವನು, ನಾಟಕಕಾರ ಈಸ್ಕಿಲಸ್‌ನ ಮೇಲೆ ಹರಿಹಾಯುತ್ತಾನೆ. ಅಕಿಲೀಸ್, ಪ್ಯಾಟ್ರೋಕ್ಲಸ್ ಪ್ರೇಮಿಗಳೆಂಬುದರಲ್ಲಿ ಅವನಿಗೆ ತಕರಾರೇ ಇಲ್ಲ; ಒಲಿದವನು ಯಾರು, ಒಲಿಸಿಕೊಂಡವನು ಯಾರು ಎಂಬುದಷ್ಟೇ ಜಗಳ. ಅಕಿಲೀಸ್ ಕಿರಿಯ, ಇನ್ನೂ ಗಡ್ಡ ಮೂಡದವನು, ಆದ್ದರಿಂದ ಅವನೇ ಪ್ರಿಯನೆಂದು ಫೀಡ್ರಸ್‌ನ ವಾದ. ಕ್ಸೆನೊಫೋನ್ ಚಿತ್ರಿಸುವ ಸಾಕ್ರಟೀಸ್ ಇದನ್ನು ಒಪ್ಪದೆ, ಅವರು ಬರೀ ಸಂಗಾತಿಗಳು ಎನ್ನುತ್ತಾನೆ. ಒಪ್ಪದಿರುವ ಹಕ್ಕು ಇಂದಿನವರಿಗೂ ಇದೆ. ಆದರೆ ಅಥೆನ್ಸಿನಲ್ಲೇ ನಡೆದ ವಾದವನ್ನು ನಿನ್ನೆ ಮೊನ್ನೆಯ ಫ್ಯಾಷನ್ ಎನ್ನುವ ಹಕ್ಕು ಯಾರಿಗೂ ಇಲ್ಲ.

ಅರ್ಧ ಪುಸ್ತಕ ಕಳೆದರೂ ಕಥೆ ಟ್ರಾಯ್ ಮುಟ್ಟುವುದಿಲ್ಲ, ಬರೀ ಎಳೆದಾಟ ಎಂಬುದು ಎರಡನೆಯ ದೂರು. ಇವರಿಬ್ಬರ ಸಂಬಂಧದ ಬಗ್ಗೆ ಹೋಮರ್ ಬಾಯಿಬಿಟ್ಟು ಏನೂ ಹೇಳುವುದಿಲ್ಲ, ನಿಜ. ಆದರೆ ಗೆಳೆಯ ಸತ್ತ ಸುದ್ದಿ ಕೇಳಿ ಅಕಿಲೀಸ್ ಎರಡೂ ಕೈಯಿಂದ ಬೂದಿ ಬಾಚಿ ತಲೆಗೆ ಸುರಿದುಕೊಳ್ಳುತ್ತಾನೆ. ಎಲ್ಲಿ ಕತ್ತು ಕೊಯ್ದುಕೊಳ್ಳುವನೋ ಎಂದು ಸುದ್ದಿ ತಂದ ಆಂಟಿಲೋಕಸ್ ಅವನ ಕೈಗಳನ್ನು ಹಿಡಿದುಕೊಳ್ಳುತ್ತಾನೆ. ಮುಂದೆ ಕನಸಿನಲ್ಲಿ ಬರುವ ಪ್ಯಾಟ್ರೋಕ್ಲಸ್‌ನ ಪ್ರೇತ, ದಾಳದ ಜಗಳದಲ್ಲಿ ಹುಡುಗನೊಬ್ಬನನ್ನು ಕೊಂದು ತಾನು ಅಕಿಲೀಸನ ಮನೆ ಸೇರಿದ್ದನ್ನೂ ಇಬ್ಬರೂ ಒಟ್ಟಿಗೆ ಬೆಳೆದದ್ದನ್ನೂ ನೆನಪಿಸಿ, ಇಬ್ಬರ ಮೂಳೆಗಳೂ ಒಂದೇ ಪಾತ್ರೆಯಲ್ಲಿರಲಿ ಎಂದು ಬೇಡುತ್ತದೆ. ಮಿಲ್ಲರ್ ಅವರ ನಿಧಾನವೆಲ್ಲ ಈ ಕೆಲವು ಸಾಲುಗಳಿಂದಲೇ ಬೆಳೆದದ್ದು. ಆ ವರ್ಷಗಳನ್ನು ಕಾಣದೆ ಅಷ್ಟು ದೊಡ್ಡ ದುಃಖವನ್ನು ನಂಬುವುದು ಹೇಗೆ? 2004ರ ‘ಟ್ರಾಯ್’ ಚಲನಚಿತ್ರ ಪ್ಯಾಟ್ರೋಕ್ಲಸ್‌ನನ್ನು ದಾಯಾದಿ ತಮ್ಮನನ್ನಾಗಿ ಮಾಡಿ ಕೈತೊಳೆದುಕೊಂಡಿತು. ಆಗ ಹೋಮರನ ಪರವಾಗಿ ಈ ಗದ್ದಲ ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಹಾಗೆಂದು ಗ್ರೀಸಿನ ನೆರಳಿರುವ ಎಲ್ಲ ಕಥೆಗಳನ್ನೂ ನಾವು ಎತ್ತಿಹಿಡಿಯುತ್ತಿಲ್ಲ. ಸಿ. ಎಸ್. ಪಕಾಟ್ ಅವರ ‘ಕ್ಯಾಪ್ಟಿವ್ ಪ್ರಿನ್ಸ್’ ಸರಣಿಯ ವಿಷಯ ಬೇರೆ. ಗ್ರೀಸನ್ನು ಹೋಲುವ ಕಲ್ಪಿತ ರಾಜ್ಯದ ಆ ಕಥೆ ಗುಲಾಮಗಿರಿಯನ್ನು ಮೋಹಕವಾಗಿಸುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ, ಆ ಸರಣಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಮಹಾಕಾವ್ಯ ಮುಟ್ಟಬಾರದು ಎಂಬ ಮಡಿ ಕನ್ನಡದ್ದಲ್ಲ. ಸೋಫೋಕ್ಲಿಸನ ಅಯಾಸನನ್ನು ಬಿ.ಎಂ.ಶ್ರೀ ಅಶ್ವತ್ಥಾಮನನ್ನಾಗಿ ಮಾಡಿದ್ದನ್ನು ಹೆಮ್ಮೆಯಿಂದ ಪಾಠ ಹೇಳುವವರು ನಾವು.

ಮುಂದಿನ ಸಂಚಿಕೆ ಗ್ರೀಕ್ ಕಥೆಗಳ ಮರುಕಥನಕ್ಕೆ ಮೀಸಲು. ಲೇಖನ ಕಳಿಸುವವರು ಇಲಿಯಡ್‌ನ 18 ಮತ್ತು 23ನೆಯ ಪುಸ್ತಕಗಳನ್ನಾದರೂ ಓದಿ ಬರೆಯಬೇಕೆಂದು ಕೋರಿಕೆ.