‘ಒಂದು ಸಹಿ ಹಾಕಮ್ಮ’ ಅಂದಾಗ ಮಗುವಿನ ಪಾಲು ನೆನಪಿರಲಿ

ತಿಥಿ ಊಟ ಮುಗಿದಿರುತ್ತದೆ. ಶಾಮಿಯಾನ ಬಿಚ್ಚುವ ಮೊದಲೇ ಯಾರೋ ಸ್ಟಾಂಪ್ ಪೇಪರ್ ತರುತ್ತಾರೆ. ‘ಮಕ್ಕಳಿಗೆ ನಾವಿಲ್ವಾ? ಒಂದು ಸಹಿ ಹಾಕಮ್ಮ’ ಎನ್ನುತ್ತಾರೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಅಳುತ್ತಲೇ ಸಹಿ ಹಾಕುತ್ತಾಳೆ. ಆಮೇಲೆ ನೋಡಿದರೆ ಪಹಣಿಯಲ್ಲಿ ಮೈದುನನ ಹೆಸರು. ಸುದ್ದಿಗಾಗಿ ತಾಲ್ಲೂಕು ಕಚೇರಿ ಸುತ್ತುವ ನಮಗೆ ಇದು ಹೊಸ ಕತೆಯಲ್ಲ.

ಊರಿನವರು ‘ಅದು ಅವರ ಮನೆ ವಿಷಯ’ ಎಂದು ಸುಮ್ಮನಾಗುತ್ತಾರೆ. ನಾವು ಇದನ್ನು ಒಪ್ಪುವುದಿಲ್ಲ. ಬಾಯಿ ಬಿಟ್ಟು ಕೇಳಲಾಗದ ಮಗುವಿನ ಆಸ್ತಿ ಕೈತಪ್ಪುತ್ತಿರುವಾಗ ಊರು ಸುಮ್ಮನಿದ್ದರೆ, ಅದು ಕಬಳಿಸುವವರಿಗೆ ಕೊಟ್ಟ ಬೆಂಬಲವೇ.

ಕಾನೂನು ಏನು ಹೇಳುತ್ತದೆ? ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ವಿಲ್ ಬರೆಯದೆ ತೀರಿಕೊಂಡವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತಾಯಿಗೆ ಸೇರುತ್ತದೆ. ಹೆಣ್ಣುಮಕ್ಕಳಿಗೂ ಸಮಪಾಲು. ಇವರಿರುವಾಗ ಅಣ್ಣತಮ್ಮಂದಿರಿಗೆ ಪಾಲಿಲ್ಲ.

ಇನ್ನು 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ. ತಂದೆ ಇಲ್ಲದಿದ್ದರೆ ತಾಯಿಯೇ ಸಹಜ ಪಾಲಕಿ. ‘ನಾನೇ ಸಾಕಿದ್ದು’ ಎಂಬ ಕಾರಣಕ್ಕೆ ಚಿಕ್ಕಪ್ಪನೋ ಸೋದರಮಾವನೋ ಮಗುವಿನ ಆಸ್ತಿ ಮಾರುವಂತಿಲ್ಲ (11ನೇ ಕಲಂ). ತಾಯಿ ಕೂಡ ಕೋರ್ಟಿನ ಅನುಮತಿಯನ್ನು ಮೊದಲೇ ಪಡೆಯದೆ ಮಗುವಿನ ಜಮೀನು, ಮನೆ ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ, ದಾನ ಕೊಡುವಂತಿಲ್ಲ (8ನೇ ಕಲಂ).

ಪಾಲಾಗದ ಪಿತ್ರಾರ್ಜಿತ ಆಸ್ತಿಯ ಲೆಕ್ಕ ಬೇರೆ. ಅಲ್ಲಿ ಕುಟುಂಬದ ಯಜಮಾನ ಮನೆಯ ನಿಜವಾದ ಅಗತ್ಯಕ್ಕೆ ಮಾರಬಹುದು. ಅಗತ್ಯವೇ ಇರಲಿಲ್ಲವೆಂದು ಪ್ರಶ್ನಿಸುವ ಹಕ್ಕು ಮಗುವಿಗಿದೆ.

ಈಗಲೇ ಮಾಡಬೇಕಾದ್ದು ಇಷ್ಟು.

ಮೊದಲು ಕಾಗದ ಕೂಡಿಸಿ. ಪಹಣಿ, ಮ್ಯುಟೇಷನ್ ಪ್ರತಿ, ಇಸಿ ತೆಗೆಸಿ. ವಂಶವೃಕ್ಷದಲ್ಲಿ ಎಲ್ಲ ಮಕ್ಕಳ ಹೆಸರೂ ಇದೆಯೇ ನೋಡಿ. ಪೌತಿ ಖಾತೆ ಬೇರೆಯವರ ಹೆಸರಿಗೆ ಹೋಗುತ್ತಿದ್ದರೆ ನೋಟಿಸಿನ ಅವಧಿಯೊಳಗೆ ಲಿಖಿತ ತಕರಾರು ಕೊಡಿ.

ಎರಡನೆಯದು, ಸಿವಿಲ್ ಕೋರ್ಟ್. ಮಗುವಿಗೆ 18 ತುಂಬುವವರೆಗೆ ಕಾಯಬೇಕಿಲ್ಲ. ತಾಯಿ ಅಥವಾ ಆ ಆಸ್ತಿಯಲ್ಲಿ ಸ್ವಾರ್ಥವಿಲ್ಲದ ಯಾವುದೇ ವಯಸ್ಕರು ಮಗುವಿನ ಪರವಾಗಿ ದಾವೆ ಹೂಡಿ, ಮಾರಾಟಕ್ಕೆ ತಡೆಯಾಜ್ಞೆ ಕೇಳಬಹುದು.

ಮೂರನೆಯದು, ಪಾಲಕರ ನೇಮಕ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಬಂಧುಗಳಷ್ಟೇ ಅಲ್ಲ, ಸ್ನೇಹಿತರೂ ಅರ್ಜಿ ಹಾಕಬಹುದು. ಕೋರ್ಟ್ ನೇಮಿಸಿದ ಪಾಲಕ ಆಸ್ತಿ ದುರುಪಯೋಗ ಮಾಡಿದರೆ ಲೆಕ್ಕ ಕೇಳಿ, ತೆಗೆದುಹಾಕಲೂಬಹುದು.

ನಂಬಿ ಒಪ್ಪಿಸಿದ ಹಣವನ್ನು ನುಂಗಿದ್ದರೆ ಅದು ನಂಬಿಕೆ ದ್ರೋಹ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಂ ಅಡಿ ಪೊಲೀಸರಿಗೆ ದೂರು ಕೊಡಬಹುದು.

ವಕೀಲರ ಫೀಸಿಗೆ ಹೆದರಬೇಡಿ. ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಒಂದು ಗಡುವು ನೆನಪಿಡಿ. ಪಾಲಕರು ಅನುಮತಿಯಿಲ್ಲದೆ ಮಾರಿದ್ದನ್ನು ರದ್ದು ಮಾಡಿಸಲು ಮಗುವಿಗೆ 18 ತುಂಬಿದ ಮೇಲೆ 3 ವರ್ಷ ಮಾತ್ರ ಸಮಯ. ದಾವಣಗೆರೆಯ ನಿವೇಶನಗಳ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2025ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. ತಂದೆ ಅನುಮತಿಯಿಲ್ಲದೆ ಮಾರಿದ್ದ ನಿವೇಶನವನ್ನು ಮಕ್ಕಳು ದೊಡ್ಡವರಾದ ಮೇಲೆ ತಾವೇ ಬೇರೆಯವರಿಗೆ ಮಾರಿದ್ದರು. ತಂದೆಯ ಮಾರಾಟವನ್ನು ತಿರಸ್ಕರಿಸಲು ಅಷ್ಟು ಸಾಕು, ದಾವೆಯೇ ಹೂಡಬೇಕೆಂದಿಲ್ಲ ಎಂದಿತು ಕೋರ್ಟ್. ಆದರೆ ಅದೂ ಗಡುವಿನೊಳಗೇ ಆಗಬೇಕು. 21 ದಾಟುವ ಮುನ್ನ ವಕೀಲರನ್ನು ಕಾಣುವುದೇ ಕ್ಷೇಮ.

ಮೈನರ್ ಆಸ್ತಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರಿಗೂ ಇದು ಎಚ್ಚರಿಕೆ. ಕೊಟ್ಟ ದುಡ್ಡೂ ಹೋಗಿ, ಜಮೀನೂ ಹೋದೀತು.

ಊರ ಹಿರಿಯರಿಗೆ ನಮ್ಮದೊಂದು ಮಾತು. ಇಂಥ ಪತ್ರಕ್ಕೆ ಸಾಕ್ಷಿ ಹಾಕಲು ಕರೆದರೆ ಪೆನ್ನು ತೆಗೆಯುವ ಮೊದಲು ಒಂದೇ ಪ್ರಶ್ನೆ ಕೇಳಿ: ‘ಕೋರ್ಟ್ ಅನುಮತಿ ಎಲ್ಲಿ?’ ಉತ್ತರ ಬರದಿದ್ದರೆ ಎದ್ದು ಬನ್ನಿ. ಬರುವಾಗ ಆ ತಾಯಿಗೆ 15100 ಬರೆದುಕೊಟ್ಟು ಬನ್ನಿ.