ಹೊಡೆದವನೂ ಗುಂಪಿನಲ್ಲಿ ನಿಂತವನೂ

ಗುಂಪು ಹಲ್ಲೆಯ ಕೇಸಿನಲ್ಲಿ ತೀರ್ಪು ಬಂದ ದಿನ ನಮ್ಮ ಊರುಗಳಲ್ಲಿ ಎರಡೇ ಮಾತು ಕೇಳಿಬರುತ್ತವೆ. ಒಂದು, "ಒಳ್ಳೇದೇ ಆಯ್ತು, ಅಲ್ಲಿದ್ದವರನ್ನೆಲ್ಲ ಒಳಗೆ ಹಾಕಬೇಕಿತ್ತು." ಇನ್ನೊಂದು, "ಅವ ಪಾಪ ಮಾರಾಯ್ರೆ, ಬದಿಯಲ್ಲಿ ಸುಮ್ಮನೆ ನಿಂತದ್ದು ಅಷ್ಟೇ." ಯಾವ ಮಾತು ಯಾರ ಬಾಯಲ್ಲಿ ಬರುತ್ತದೆ ಎಂಬುದು ಸತ್ತವ ಯಾರ ಕಡೆಯವ, ಸಿಕ್ಕಿಬಿದ್ದವ ಯಾರ ಕಡೆಯವ ಎಂಬುದರ ಮೇಲೆ ಹೋಗುತ್ತದೆ. ಕೇಸಿನ ಫೈಲನ್ನು ಎರಡೂ ಕಡೆಯವರು ಓದಿರುವುದಿಲ್ಲ. ಈ ವಾರ ನಾವು ಒಂದು ದೂರದ ಊರಿನ ಕಥೆ ಹೇಳಿ, ನಂತರ ನಮ್ಮದೇ ಜಿಲ್ಲೆಗೆ ಬರುತ್ತೇವೆ.

2007ರ ಆಗಸ್ಟ್ ತಿಂಗಳು. ಇಂಗ್ಲೆಂಡಿನ ವಾರಿಂಗ್‌ಟನ್ ಪಟ್ಟಣದಲ್ಲಿ ಮೂರು ಹೆಣ್ಣುಮಕ್ಕಳ ತಂದೆಯೊಬ್ಬರು, ರಾತ್ರಿ ತಮ್ಮ ಮನೆಯ ಹೊರಗೆ ಗಲಾಟೆ ಮಾಡುತ್ತಿದ್ದ ಹುಡುಗರ ಗುಂಪನ್ನು ಕೇಳಲು ಹೊರಗೆ ಹೋದರು. ಹುಡುಗರು ಕುಡಿದಿದ್ದರು. ಕೆಳಗೆ ಬಿದ್ದವರನ್ನು ಒದ್ದರು. ಹೆಣ್ಣುಮಕ್ಕಳ ಕಣ್ಣೆದುರೇ ನಡೆದದ್ದು ಇದು. ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರುವರ್ಷದ ಜನವರಿಯಲ್ಲಿ ಮೂವರು ಹುಡುಗರ ಮೇಲೆ ಕೊಲೆ ಆರೋಪ ಸಾಬೀತಾಯಿತು. ಮೂವರಿಗೂ ಜೀವಾವಧಿ. ಅವರಲ್ಲಿ ಕಿರಿಯವನಿಗೆ ಕನಿಷ್ಠ 12 ವರ್ಷ ಒಳಗಿರಬೇಕೆಂಬ ಶಿಕ್ಷೆ.

ಕಿರಿಯವನ ತಾಯಿ ಆ ತೀರ್ಪನ್ನು ಒಪ್ಪಲಿಲ್ಲ. ಮಗನಿಗೆ ಕಣ್ಣಿನ ಪೊರೆ ತೆಳುವಾಗಿ ಉಬ್ಬಿಬರುವ ತೀವ್ರವಾದ ಕಾಯಿಲೆ ಇತ್ತು, ದೃಷ್ಟಿ ಬಹಳ ಮಂದ. ಅವ ಅಲ್ಲಿ ಇದ್ದ ಎಂಬುದನ್ನು ಆಕೆ ಅಲ್ಲಗಳೆಯಲಿಲ್ಲ. ಹೊಡೆಯಲಿಲ್ಲ, ಏನು ಆಗುತ್ತದೆ ಎಂದು ಅವನಿಗೆ ಕಾಣುವಂತೆಯೂ ಇರಲಿಲ್ಲ ಎಂಬುದು ಆಕೆಯ ವಾದ. ಆದರೆ ಅಲ್ಲಿನ ಕಾನೂನಿಗೆ ಅಷ್ಟು ಸಾಕಾಗುತ್ತಿರಲಿಲ್ಲ. 'ಜಾಯಿಂಟ್ ಎಂಟರ್‌ಪ್ರೈಸ್' ಎಂದು ಕರೆಯುವ ತತ್ವವೊಂದಿತ್ತು. ನೀವು ಒಂದು ತಪ್ಪು ಕೆಲಸದಲ್ಲಿ ಜೊತೆಗಿದ್ದು, ಜೊತೆಯವ ಅದಕ್ಕಿಂತ ದೊಡ್ಡ ತಪ್ಪು ಮಾಡಬಹುದು ಎಂಬ ಅಂದಾಜು ನಿಮಗಿದ್ದರೆ ಸಾಕು, ಆ ದೊಡ್ಡ ತಪ್ಪೂ ನಿಮ್ಮದೇ. ಅವನು ಮಾಡಲಿ ಎಂದು ನೀವು ಬಯಸಿರಬೇಕೆಂದಿಲ್ಲ.

2010ರಲ್ಲಿ ಆ ತಾಯಿ ಮತ್ತು ಇನ್ನೊಬ್ಬ ಮಹಿಳೆ ಸೇರಿ ಒಂದು ಸಂಘಟನೆ ಕಟ್ಟಿದರು. ಹೆಸರು 'ಜಾಯಿಂಟ್ ಎಂಟರ್‌ಪ್ರೈಸ್ ನಾಟ್ ಗಿಲ್ಟಿ ಬೈ ಅಸೋಸಿಯೇಷನ್'. ಬಾಯಿಗೆ ಹಿಡಿಯದ ಹೆಸರು, ಜನ 'ಜೆಂಗ್‌ಬಾ' ಎಂದು ಕರೆದರು. ವಕೀಲರಾಗಲಿ ರಾಜಕೀಯದವರಾಗಲಿ ಇದನ್ನು ನಡೆಸಲಿಲ್ಲ. ಹೆಚ್ಚಿನವರು ತಾಯಂದಿರು, ಅಕ್ಕತಂಗಿಯರು, ಹೆಂಡತಿಯರು. ಬಿಳಿಯರೂ ಕಪ್ಪು ಜನರೂ ಒಂದೇ ಬೆಂಚಿನಲ್ಲಿ ಕುಳಿತರು. ಜೈಲಿನಿಂದ ಬರುವ ಪತ್ರಗಳಿಗೆ ಉತ್ತರ ಬರೆದರು, ತೀರ್ಪಿನ ಪ್ರತಿಗಳನ್ನು ಒಟ್ಟುಮಾಡಿದರು, ಸಂಸದರ ಬಾಗಿಲು ತಟ್ಟಿದರು. ನೂರಾರು ಕೈದಿಗಳ ಹೆಸರು ಅವರ ಪಟ್ಟಿಗೆ ಬಂತು.

ಆರು ವರ್ಷದ ನಂತರ, 2016ರ ಫೆಬ್ರವರಿ 18ರಂದು, ಬ್ರಿಟನ್ನಿನ ಸುಪ್ರೀಂ ಕೋರ್ಟ್ 'ಜೋಗಿ' ಎಂಬವರ ಕೇಸಿನಲ್ಲಿ ತೀರ್ಪು ಕೊಟ್ಟಿತು. ಲೆಸ್ಟರ್ ನಗರದ ಒಂದು ಮನೆಯೊಳಗೆ ಗೆಳೆಯ ಚೂರಿ ಹಾಕಿದ, ಜೋಗಿ ಹೊರಗೆ ಬಾಟಲಿ ಹಿಡಿದುಕೊಂಡು ಅವನಿಗೆ ಕುಮ್ಮಕ್ಕು ಕೊಡುತ್ತಿದ್ದ ಎಂಬ ಕೇಸು ಅದು. ಜೆಂಗ್‌ಬಾದ ಹೆಂಗಸರಿಗೂ ಆ ವಿಚಾರಣೆಯಲ್ಲಿ ತಮ್ಮ ವಾದ ಮಂಡಿಸಲು ಅವಕಾಶ ಸಿಕ್ಕಿತ್ತು. ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಇಷ್ಟು: 1984ರಲ್ಲಿ ಹಾಂಗ್‌ಕಾಂಗಿನ ಒಂದು ಮೇಲ್ಮನವಿಯಲ್ಲಿ ಪ್ರಿವಿ ಕೌನ್ಸಿಲ್ ಹಿಡಿದ ದಾರಿ ತಪ್ಪು ದಾರಿ. ಹೀಗಾಗಬಹುದು ಎಂಬ ಅಂದಾಜು ಇತ್ತೆಂಬುದು ಉದ್ದೇಶಕ್ಕೆ ಒಂದು ಸಾಕ್ಷ್ಯ ಆಗಬಹುದು, ಅದೇ ಅಪರಾಧ ಆಗುವುದಿಲ್ಲ. ಮೂವತ್ತೆರಡು ವರ್ಷ ಒಂದು ದೇಶದ ಕೋರ್ಟುಗಳು ತಪ್ಪು ಅಳತೆಗೋಲಿನಲ್ಲಿ ಜೀವಾವಧಿ ಶಿಕ್ಷೆ ಅಳೆದಿದ್ದವು ಎಂದರೆ ಸಣ್ಣ ಮಾತೇ?

ಇಲ್ಲಿಗೆ ಸಿನಿಮಾ ಆಗಿದ್ದರೆ ಜೈಲಿನ ಬಾಗಿಲು ತೆರೆಯಬೇಕಿತ್ತು. ತೆರೆಯಲಿಲ್ಲ. ಹಳೆಯ ಕೇಸುಗಳಲ್ಲಿ ಕಾನೂನು ತಪ್ಪಾಗಿತ್ತು ಎಂದು ತೋರಿಸಿದರೆ ಸಾಲದು, ಅದರಿಂದ 'ಗಣನೀಯ ಅನ್ಯಾಯ' ಆಗಿದೆ ಎಂದೂ ತೋರಿಸಬೇಕು ಎಂಬ ಷರತ್ತು ಬಂತು. ಅದನ್ನು ದಾಟಿದವರು ಬೆರಳೆಣಿಕೆಯಷ್ಟು. 2018ರಲ್ಲಿ ಒಬ್ಬನ ಕೊಲೆ ತೀರ್ಪು ರದ್ದಾಯಿತು. ಕಳ್ಳತನಕ್ಕೆ ನುಗ್ಗಿದ ಮನೆಯಲ್ಲಿ ಜೊತೆಗಾರ ಕೊಟ್ಟ ಗುದ್ದಿಗೆ ಒಬ್ಬ ವೃದ್ಧರು ಸತ್ತಿದ್ದರು. ಅವ ಅಷ್ಟರಲ್ಲಿ 13 ವರ್ಷ ಜೈಲಿನಲ್ಲಿ ಕಳೆದಾಗಿತ್ತು. ಜೋಗಿ ಕೂಡ ಮರುವಿಚಾರಣೆಯಲ್ಲಿ ಬಿಡುಗಡೆಯಾಗಲಿಲ್ಲ. ಕೊಲೆಯ ಬದಲು ಕೊಲೆಯಲ್ಲದ ನರಹತ್ಯೆಗೆ 12 ವರ್ಷ ಶಿಕ್ಷೆ ಆಯಿತು. ಅದು ಸರಿಯೇ ಎಂದು ನಮಗನಿಸುತ್ತದೆ. ಕುಮ್ಮಕ್ಕು ಕೊಟ್ಟವನಿಗೆ ಅವನು ಕೊಟ್ಟಷ್ಟರ ಲೆಕ್ಕ ಆಗಬೇಕು. 2024ರಲ್ಲಿ ಲೇಬರ್ ಸಂಸದೆ ಕಿಮ್ ಜಾನ್ಸನ್, ಕೃತ್ಯಕ್ಕೆ ಗಮನಾರ್ಹ ಪಾಲು ಕೊಟ್ಟವರನ್ನು ಮಾತ್ರ ಹೊಣೆ ಮಾಡಬೇಕು ಎಂಬ ಖಾಸಗಿ ಮಸೂದೆ ತಂದರು. ಅದು ಕಾನೂನಾಗಲಿಲ್ಲ.

ಈ ಕಥೆಯಲ್ಲಿ ಇನ್ನೊಬ್ಬ ಹೆಂಗಸು ಇದ್ದಾರೆ. ಅವರನ್ನು ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತದೆ. ವಾರಿಂಗ್‌ಟನ್ನಿನಲ್ಲಿ ಸತ್ತವರ ಪತ್ನಿ ಹೆಲನ್ ನ್ಯೂಲವ್. ಗಂಡನನ್ನು ಕಳೆದುಕೊಂಡ ಮೇಲೆ ಸಂತ್ರಸ್ತರ ಕುಟುಂಬಗಳಿಗೆ ಕೋರ್ಟಿನಲ್ಲಿ ಯಾರೂ ಏನೂ ಹೇಳುವುದಿಲ್ಲ, ಕೇಳುವುದೂ ಇಲ್ಲ ಎಂದು ಅವರು ದನಿ ಎತ್ತಿದರು. 2010ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸದಸ್ಯೆಯಾದರು, ಮುಂದೆ ಇಂಗ್ಲೆಂಡ್ ಮತ್ತು ವೇಲ್ಸಿನ ಸಂತ್ರಸ್ತರ ಆಯುಕ್ತೆಯಾದರು. ಒಂದೇ ರಾತ್ರಿಯ ಒಂದೇ ಹಲ್ಲೆಯಿಂದ ಎರಡು ಹೋರಾಟ ಹುಟ್ಟಿತು, ಎರಡನ್ನೂ ನಡೆಸಿದವರು ಹೆಂಗಸರು. ಇವರಲ್ಲಿ ಯಾರು ಸರಿ ಎಂದು ಕೇಳುವವರಿದ್ದಾರೆ. ನಮಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಗಂಡ ಸತ್ತದ್ದು ನಿಜ. ಮೂವರಲ್ಲಿ ಪ್ರತಿಯೊಬ್ಬನೂ ಎಷ್ಟೆಷ್ಟು ಮಾಡಿದ ಎಂಬುದನ್ನು ಬೇರೆ ಬೇರೆಯಾಗಿ ತೂಗಬೇಕು ಎಂದು ಕೇಳಿದರೆ ಆ ಸಾವು ಸಣ್ಣದಾಗುವುದಿಲ್ಲ.

ಈಗ ಊರಿಗೆ ಬರೋಣ.

ಕರಾವಳಿಯಲ್ಲಿ ಪೇಪರ್ ಓದುವ ಯಾರಿಗೂ 'ಅಕ್ರಮ ಕೂಟ ಕಟ್ಟಿಕೊಂಡು, ಸಮಾನ ಉದ್ದೇಶದಿಂದ' ಎಂಬ ಎಫ್‌ಐಆರ್ ಭಾಷೆ ಬಾಯಿಪಾಠ. 143, 147, 148, ಕೊನೆಗೆ 'ಜೊತೆಗೆ 149'. ಐದಾರು ಹೆಸರು, ಮತ್ತೆ 'ಹಾಗೂ ಇತರರು'. ಆ 'ಇತರರು' ಎಂಬ ಪದದೊಳಗೆ ಎಷ್ಟು ಮನೆಗಳ ಮಕ್ಕಳು ಹೋಗಿ ಬಂದಿದ್ದಾರೆ ಎಂದು ಲೆಕ್ಕ ಇಟ್ಟವರಿಲ್ಲ. ಎಲ್ಲ ಸಮುದಾಯದ ಮನೆಗಳೂ ಅದರಲ್ಲಿವೆ. 1860ರ ದಂಡ ಸಂಹಿತೆಯ 149ನೇ ಕಲಮಿಗೆ ಎರಡು ಭಾಗ. ಕೂಟದ ಸಮಾನ ಉದ್ದೇಶ ಈಡೇರಿಸಲು ಒಬ್ಬ ಅಪರಾಧ ಮಾಡಿದರೆ ಎಲ್ಲರೂ ಹೊಣೆ, ಇದು ಮೊದಲನೆಯದು. ಆ ಉದ್ದೇಶದ ದಾರಿಯಲ್ಲಿ ಇಂಥ ಅಪರಾಧ ನಡೆಯುವ ಸಂಭವ ಇದೆ ಎಂದು ಕೂಟದವರಿಗೆ ಗೊತ್ತಿದ್ದರೂ ಎಲ್ಲರೂ ಹೊಣೆ, ಇದು ಎರಡನೆಯದು. ಲಂಡನ್ನಿನ ಕೋರ್ಟು 2016ರಲ್ಲಿ ತಪ್ಪು ದಾರಿ ಎಂದು ಕೈಬಿಟ್ಟದ್ದು ಈ ಎರಡನೆಯದಕ್ಕೆ ಬಹಳ ಹತ್ತಿರದ ವಿಚಾರ. ನಮ್ಮಲ್ಲಿ 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆ ಬಂತು, ಕಲಮಿನ ಸಂಖ್ಯೆ 190 ಆಯಿತು, ಒಳಗಿನ ತತ್ವ ಹಾಗೆಯೇ ಉಳಿಯಿತು. ಅದರ ಬಗ್ಗೆ ಸಂಸತ್ತಿನ ಹೊರಗೂ ಒಳಗೂ ಚರ್ಚೆ ಆದದ್ದು ನಮ್ಮ ಕಿವಿಗೆ ಬಿದ್ದಿಲ್ಲ.

ಹಾಗಂತ ನಮ್ಮ ಕೋರ್ಟುಗಳು ಕಣ್ಣುಮುಚ್ಚಿ ಕುಳಿತಿವೆ ಎಂದಲ್ಲ. ಗಲಾಟೆ ನೋಡಲು ಬಂದು ನಿಂತವನನ್ನು ಕೂಟದ ಸದಸ್ಯ ಎಂದು ಎಣಿಸಬಾರದು ಎಂಬ ಎಚ್ಚರಿಕೆಯನ್ನು ಸುಪ್ರೀಂ ಕೋರ್ಟ್ 1956ರಲ್ಲೇ ಹೇಳಿದೆ. 1964ರ ಮಸಾಲ್ತಿ ಕೇಸಿನಲ್ಲಿ, ಕೂಟದ ಸದಸ್ಯನೆಂದು ಸಾಬೀತಾದವ ಸ್ವತಃ ಕೈ ಎತ್ತಿರಲೇಬೇಕೆಂದಿಲ್ಲ ಎಂದಿತು. ಜೊತೆಗೇ, ದೊಡ್ಡ ಗುಂಪಿನ ಕೇಸಿನಲ್ಲಿ ಒಬ್ಬನ ಹೆಸರನ್ನು ಒಂದಕ್ಕಿಂತ ಹೆಚ್ಚು ನಂಬಲರ್ಹ ಸಾಕ್ಷಿಗಳು ಒಂದೇ ರೀತಿ ಹೇಳುತ್ತಾರೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ ಎಂದೂ ಹೇಳಿತು. ಅಂದರೆ ತಡೆ ಇದೆ. ಆ ತಡೆಯನ್ನು ಎಳೆದು ಹಿಡಿಯುವ ವಕೀಲ ವಿಚಾರಣೆಯ ಮೊದಲ ದಿನದಿಂದ ಇರಬೇಕು. ಬಡವನ ಮಗನಿಗೆ ಸಾಮಾನ್ಯವಾಗಿ ಇಲ್ಲದಿರುವುದು ಅದೇ.

2025ರ ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ಕೇರಳ ಮೂಲದ ಒಬ್ಬ ಮನುಷ್ಯನನ್ನು ಗುಂಪು ಹೊಡೆದು ಸಾಯಿಸಿದ ಆರೋಪದ ಪ್ರಕರಣ ಎಲ್ಲರಿಗೂ ನೆನಪಿದೆ. ಮೊದಲು ಅದು ಅಸಹಜ ಸಾವು ಎಂದು ದಾಖಲಾಗಿತ್ತು. ಆಮೇಲೆ ಕೊಲೆ ಕೇಸು ಆಯಿತು, ಹಲವರ ಬಂಧನ ಆಯಿತು, ಕರ್ತವ್ಯಲೋಪಕ್ಕಾಗಿ ಪೊಲೀಸರ ಅಮಾನತೂ ಆಯಿತು. ಆಗ ಈ ಕಲಮುಗಳು ಇಲ್ಲದಿದ್ದರೆ ಏನಾಗುತ್ತಿತ್ತು? ನಲವತ್ತು ಕೈಗಳ ನಡುವೆ ಯಾರ ಏಟಿಗೆ ಜೀವ ಹೋಯಿತು ಎಂದು ಯಾವ ಮರಣೋತ್ತರ ಪರೀಕ್ಷೆಯೂ ಹೇಳುವುದಿಲ್ಲ. ಎಲ್ಲರೂ ಮನೆಗೆ ಹೋಗುತ್ತಿದ್ದರು. ಆದ್ದರಿಂದ 149 ಬೇಡ, ಕಿತ್ತುಹಾಕಿ ಎನ್ನುವವರ ಜೊತೆ ನಾವಿಲ್ಲ. ಐವರು ಅಥವಾ ಹೆಚ್ಚು ಜನ ಸೇರಿ ಜಾತಿ, ಸಮುದಾಯ, ಭಾಷೆಯಂಥ ಕಾರಣಕ್ಕೆ ಕೊಂದರೆ ಪ್ರತಿಯೊಬ್ಬನಿಗೂ ಮರಣದಂಡನೆ ಅಥವಾ ಜೀವಾವಧಿ ಎಂದು ಹೊಸ ಸಂಹಿತೆಯ 103(2) ಹೇಳುತ್ತದೆ. ಗುಂಪು ಹತ್ಯೆಗೆ ಪ್ರತ್ಯೇಕ ಕಾನೂನು ಬೇಕು ಎಂದು ವರ್ಷಗಟ್ಟಲೆ ಕೇಳಿದವರಲ್ಲಿ ನಮ್ಮವರೇ ಮುಂದಿದ್ದರು. ಅದೇ ಕಲಮಿನಲ್ಲಿ ನಾಳೆ ನಮ್ಮ ಮನೆಯ ಹುಡುಗ ಆರೋಪಿಯಾದಾಗ ನಾವು ಯಾವ ಅಳತೆ ಕೇಳುತ್ತೇವೋ, ಕುಡುಪು ಕೇಸಿನ ಪ್ರತಿ ಆರೋಪಿಗೂ ಅದೇ ಅಳತೆ ಸಿಗಬೇಕು: ಇದ್ದನೇ, ಎಷ್ಟು ಹೊತ್ತು ಇದ್ದ, ಕೈಯಲ್ಲಿ ಏನಿತ್ತು, ತಡೆದನೇ, ನೋಡಿ ಹೇಳಿದವರು ಯಾರು. ಈ ಮಾತು ಕೆಲವರಿಗೆ ಕಹಿಯಾಗುತ್ತದೆ ಎಂದು ಗೊತ್ತಿದೆ. ಪತ್ರ ಬರೆಯಿರಿ, ಪ್ರಕಟಿಸುತ್ತೇವೆ.

ಇನ್ನು ಹೋರಾಟದ ವಿಷಯ. ನಮ್ಮಲ್ಲಿ 'ನಿರಪರಾಧಿಗೆ ಶಿಕ್ಷೆ' ಎಂಬ ಕೂಗು ಏಳುವುದು ತೀರ್ಪಿನ ವಾರ. ಪ್ರತಿಭಟನೆ, ಬ್ಯಾನರ್, ಫೇಸ್‌ಬುಕ್ಕಿನಲ್ಲಿ ಹುಡುಗನ ಫೋಟೋ. ಮೂರನೇ ವಾರಕ್ಕೆ ಫೋಟೋ ಬದಲಾಗುತ್ತದೆ. ಆಮೇಲೆ ಐದು ವರ್ಷ, ಏಳು ವರ್ಷ, ಬಸ್ಸು ಹತ್ತಿ ಜೈಲಿಗೆ ಹೋಗುವುದು, ವಕೀಲರ ಆಫೀಸಿನ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು ಉಮ್ಮ ಒಬ್ಬರೇ. ಎಷ್ಟೋ ಕಡೆ ಅವರಿಗೆ ತೀರ್ಪಿನಲ್ಲಿ ಏನು ಬರೆದಿದೆ ಎಂದು ಓದಿ ಹೇಳಿದವರೂ ಇಲ್ಲ. ಜೆಂಗ್‌ಬಾದ ಹೆಂಗಸರಿಂದ ನಮ್ಮ ಸಂಘಟನೆಗಳು ಕಲಿಯುವುದಿದ್ದರೆ ಇಲ್ಲಿಂದ ಕಲಿಯಬೇಕು. ಅವರು ತೀರ್ಪನ್ನು ಓದಿದರು. ಸತ್ತವರ ಬಗ್ಗೆ ಹಗುರ ಮಾತಾಡಿ, ಸಾಕ್ಷಿಗಳ ಮನೆ ಬಾಗಿಲಿಗೆ ಹೋಗಿ ಬೆದರಿಸಿ ನಡೆಸುವ 'ಹೋರಾಟ' ಹುಡುಗನ ಅಪೀಲನ್ನೇ ಹಾಳುಮಾಡುತ್ತದೆ. ಅದಕ್ಕೆ ಈ ಪುಟದಲ್ಲಿ ಜಾಗ ಇಲ್ಲ.

ಮಾಡಬೇಕಾದ್ದು ಕಷ್ಟದ ಕೆಲಸವೇನಲ್ಲ, ಬೇಸರದ ಕೆಲಸ. ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂದು ಕಾನೂನಿದೆ, ಅದನ್ನು ಕೇಳಿ ಪಡೆಯಬೇಕು. ಸೆಷನ್ಸ್ ಕೋರ್ಟಿನ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಅಪೀಲು ಹಾಕಲು ಸಾಮಾನ್ಯವಾಗಿ 60 ದಿನ. ತಡವಾದರೆ ಕಾರಣ ಕೊಟ್ಟು ಕ್ಷಮೆ ಕೇಳಬಹುದು, ಆದರೆ 'ಊರಿನವರು ಮೀಟಿಂಗ್ ಮಾಡುತ್ತಿದ್ದರು' ಎಂಬುದು ಕಾರಣ ಆಗುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂರುವ ಮನೆಯವರಿಗೆ ಒಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರಿಗೇ ಆಗಲಿ, ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಕೇಳುವ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಡಬಹುದು, ಒಳಗಿರುವವನು ಜೈಲಿನಿಂದಲೇ ಅರ್ಜಿ ಕಳಿಸಬಹುದು. ಒಬ್ಬ ಓದಿದ ಹುಡುಗ ಅಥವಾ ಹುಡುಗಿ ಉಮ್ಮನ ಜೊತೆ ಹೋಗಿ ಅರ್ಜಿ ತುಂಬಿಸಿ, ರಶೀದಿಯನ್ನು ಫೈಲಿನಲ್ಲಿ ಹಾಕಿಟ್ಟು, ಮುಂದಿನ ತಾರೀಕು ಬರೆದುಕೊಂಡು ಬಂದರೆ ಆಯ್ತು. ಸಂಘ ಸಂಸ್ಥೆಗಳ ವಾರ್ಷಿಕ ಸಭೆ ನಡೆಯುವ ತಿಂಗಳಿದು. ನಿಮ್ಮ ಊರಿನಿಂದ ಜೈಲಿನಲ್ಲಿರುವವರು ಎಷ್ಟು ಮಂದಿ, ಅವರಲ್ಲಿ ಅಪೀಲು ಹಾಕಿದವರು ಎಷ್ಟು ಮಂದಿ ಎಂದು ಈ ಸಲದ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿ.