‘ಇಳಿಕೆ’ ಎಂಬ ಪದದ ಮೂರು ಅರ್ಥಗಳು

ಒಂದೇ ಪದವು ಹಲವು ಅರ್ಥಗಳನ್ನು ಹೊತ್ತು ತಿರುಗುವಾಗ ಅವುಗಳನ್ನು ಬೇರ್ಪಡಿಸಿ ನೋಡದೆ ತೀರ್ಪು ನೀಡಬಾರದೆಂಬುದು ತತ್ತ್ವಶಾಸ್ತ್ರದ ವಿದ್ಯಾರ್ಥಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ಇಂದು ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ಪದೇ ಪದೇ ಕಾಣಿಸುವ ಅಂತಹ ಪದವೆಂದರೆ ‘ಇಂಗಾಲದ ಇಳಿಕೆ’. ರಾಸಾಯನಿಕ ಕಂಪನಿಯೊಂದು ತಾನು ಹೊರಬಿಡುವ ಅನಿಲವನ್ನು ಶೇಕಡಾ ಇಂತಿಷ್ಟು ತಗ್ಗಿಸಿದ್ದೇನೆಂದು ಪ್ರಕಟಿಸಿದಾಗ ಕೆಲವರು ಮೆಚ್ಚಿ ತಲೆದೂಗುತ್ತಾರೆ. ಮತ್ತೆ ಕೆಲವರು ಎಲ್ಲವೂ ಬೂಟಾಟಿಕೆಯೆಂದು ತಳ್ಳಿಹಾಕುತ್ತಾರೆ. ಎರಡೂ ಆತುರದ ತೀರ್ಪುಗಳೇ. ಇಳಿದದ್ದು ನಿಜವಿರಬಹುದು, ಆದರೆ ಅದು ಹೇಗೆ ಇಳಿಯಿತು ಎಂಬುದೇ ಮುಖ್ಯವಾದ ಪ್ರಶ್ನೆ.

ಈ ವಿಚಾರಕ್ಕೆ ಜರ್ಮನಿಯ ಬಿಎಎಸ್‌ಎಫ್ ಕಂಪನಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1865ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ ನಮ್ಮ ಸುರತ್ಕಲ್ ಸಮೀಪದ ಬಾಳದಲ್ಲಿಯೂ ಘಟಕವನ್ನು ಹೊಂದಿದೆಯಾದ್ದರಿಂದ ನಮಗೆ ತೀರ ಅಪರಿಚಿತವೇನಲ್ಲ. ರೈನ್ ನದಿಯ ದಂಡೆಯ ಲುಡ್ವಿಗ್ಸ್‌ಹಾಫೆನ್ ನಗರದಲ್ಲಿ ಇದರ ಮುಖ್ಯ ಕಾರ್ಖಾನೆಯಿದೆ. ಸುಮಾರು 10 ಚದರ ಕಿಲೋಮೀಟರುಗಳ ಆವರಣ, ಸುಮಾರು 200 ಉತ್ಪಾದನಾ ಘಟಕಗಳು, ಅವುಗಳನ್ನು ಒಂದಕ್ಕೊಂದು ಬೆಸೆಯುವ 2,800 ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಳವೆಗಳು: ಇದೊಂದು ಊರಿನೊಳಗಿನ ಊರು.

ರಾಸಾಯನಿಕ ಕಾರ್ಖಾನೆಯು ಇಂಗಾಲದ ಡೈಆಕ್ಸೈಡನ್ನು ಹೊರಬಿಡಲು ಎರಡು ಮುಖ್ಯ ಕಾರಣಗಳಿವೆ. ಕ್ರಿಯೆಗಳು ನಡೆಯಲು ಶಾಖ ಬೇಕು; ಅದಕ್ಕಾಗಿ ಇಂಧನವನ್ನು ಉರಿಸಬೇಕು. ಎರಡನೆಯದಾಗಿ, ಕಚ್ಚಾವಸ್ತುವಿನಲ್ಲೇ ಇಂಗಾಲವಿದೆ. ನೈಸರ್ಗಿಕ ಅನಿಲದಿಂದ ಜಲಜನಕವನ್ನು ಬೇರ್ಪಡಿಸಿದರೆ ಉಳಿದ ಇಂಗಾಲವು ಡೈಆಕ್ಸೈಡಾಗಿ ಹೊರಬರುತ್ತದೆ. ಹೀಗಿರುವಾಗ ಇಳಿಕೆಯು ಮೂರು ಬಗೆಯಲ್ಲಿ ಸಾಧ್ಯ.

ಮೊದಲನೆಯದು ಮಿತವ್ಯಯದಿಂದ ಬರುವ ಇಳಿಕೆ. ನಮ್ಮ ಹಿರಿಯರ ಅಡುಗೆಮನೆಯಲ್ಲಿ ಕೋಡೊಲೆಯಿತ್ತು. ಮುಖ್ಯ ಒಲೆಯಲ್ಲಿ ಅನ್ನ ಬೇಯುತ್ತಿರುವಾಗ ಅದೇ ಬೆಂಕಿಯ ಉಳಿದ ಝಳದಿಂದ ಪಕ್ಕದಲ್ಲಿ ನೀರು ಕಾಯುತ್ತಿತ್ತು. ಲುಡ್ವಿಗ್ಸ್‌ಹಾಫೆನ್‌ನಲ್ಲಿ ‘ಫೆರ್‌ಬುಂಡ್’ ಎಂದು ಕರೆಯುವ ಹೆಣೆದ ಜೋಡಣೆಯೂ ತತ್ತ್ವದಲ್ಲಿ ಇದೇ. ಒಂದು ಘಟಕದ ಕ್ರಿಯೆಯಲ್ಲಿ ಹುಟ್ಟುವ ಶಾಖವನ್ನು ಗಾಳಿಗೆ ಬಿಡದೆ ಹಬೆಯಾಗಿ ಮಾರ್ಪಡಿಸಿ, ಶಾಖದ ಅಗತ್ಯವಿರುವ ಇನ್ನೊಂದು ಘಟಕಕ್ಕೆ ಕೊಳವೆಯ ಮೂಲಕ ಕಳುಹಿಸಲಾಗುತ್ತದೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಸಾಮಾನ್ಯವಾಗಿ ಇಂಧನದ ಶಾಖದ ಅರ್ಧಕ್ಕಿಂತ ಹೆಚ್ಚು ಭಾಗ ನಷ್ಟವಾಗುತ್ತದೆ. ಇಲ್ಲಿ ಅನಿಲ ಟರ್ಬೈನುಗಳು ವಿದ್ಯುತ್ತನ್ನು ಉತ್ಪಾದಿಸಿದ ಮೇಲೆ ಅವುಗಳ ಬಿಸಿ ಹೊಗೆಯಿಂದಲೇ ಹಬೆಯನ್ನು ಪಡೆಯಲಾಗುತ್ತದೆ. ಒಂದು ಘಟಕದ ಉಪೋತ್ಪನ್ನವು ಮತ್ತೊಂದರ ಕಚ್ಚಾವಸ್ತುವಾಗುತ್ತದೆ. ಯಾರ ಕೆಲಸವೂ ಹೋಗದೆ, ಉತ್ಪನ್ನವೂ ಕುಗ್ಗದೆ, ಬೆಂಕಿ ಮಾತ್ರ ಕಡಿಮೆಯಾಗುವ ಈ ಇಳಿಕೆಯು ನಿಸ್ಸಂಶಯವಾಗಿ ಶ್ಲಾಘನೀಯ.

ಎರಡನೆಯದು ಬದಲಾವಣೆಯಿಂದ ಬರುವ ಇಳಿಕೆ: ಬೆಂಕಿಯ ಮೂಲವನ್ನೇ, ಇಲ್ಲವೆ ಕ್ರಿಯೆಯ ರೀತಿಯನ್ನೇ ಬದಲಿಸುವುದು. ನೈಟ್ರಿಕ್ ಆಮ್ಲ ಮತ್ತು ಅಡಿಪಿಕ್ ಆಮ್ಲಗಳ ತಯಾರಿಕೆಯಲ್ಲಿ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ ಅದು ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 270 ಪಟ್ಟು. ಅದನ್ನು ವೇಗವರ್ಧಕಗಳ ಮೂಲಕ ನಿರುಪದ್ರವಿ ಸಾರಜನಕವಾಗಿ ಒಡೆದದ್ದು ಉದ್ಯಮದ ದೊಡ್ಡ ಗೆಲುವುಗಳಲ್ಲೊಂದು. ಇನ್ನು ನಾಫ್ತಾವನ್ನು ಒಡೆದು ಪ್ಲಾಸ್ಟಿಕ್ಕಿನ ಮೂಲವಸ್ತುಗಳನ್ನು ಪಡೆಯುವ ಕುಲುಮೆಗಳಿಗೆ ಸುಮಾರು 850 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅದು ಇಂಧನವನ್ನು ಉರಿಸಿಯೇ ದೊರೆಯುತ್ತಿತ್ತು. ಬಿಎಎಸ್‌ಎಫ್, ಸಾಬಿಕ್ ಮತ್ತು ಲಿಂಡೆ ಕಂಪನಿಗಳು ಜೊತೆಗೂಡಿ, ವಿದ್ಯುತ್ತಿನಿಂದಲೇ ಕಾಯುವ ಕುಲುಮೆಗಳ ಪ್ರಾಯೋಗಿಕ ಘಟಕವನ್ನು 2024ರ ಏಪ್ರಿಲ್‌ನಲ್ಲಿ ಅಲ್ಲಿ ಉದ್ಘಾಟಿಸಿದವು. 2025ರ ಮಾರ್ಚ್‌ನಲ್ಲಿ, ನೀರನ್ನು ವಿದ್ಯುತ್ತಿನಿಂದ ಒಡೆದು ವರ್ಷಕ್ಕೆ 8,000 ಟನ್ನುಗಳವರೆಗೆ ಜಲಜನಕವನ್ನು ನೀಡಬಲ್ಲ 54 ಮೆಗಾವಾಟ್ ಸಾಮರ್ಥ್ಯದ ಘಟಕವೂ ಚಾಲನೆಗೊಂಡಿತು.

ಆದರೆ ಇಲ್ಲೊಂದು ಷರತ್ತಿದೆ. ಆ ವಿದ್ಯುತ್ತು ಗಾಳಿಯಿಂದಲೋ ಸೂರ್ಯನಿಂದಲೋ ಬಂದಾಗ ಮಾತ್ರ ಇದು ನೈಜ ಇಳಿಕೆ. ಕಲ್ಲಿದ್ದಲಿನ ವಿದ್ಯುತ್ತಿನಿಂದ ಕುಲುಮೆಯನ್ನು ಕಾಯಿಸಿದರೆ, ಹೊಗೆಯು ನಮ್ಮ ಚಿಮಣಿಯಿಂದ ಮರೆಯಾಗಿ ಮತ್ತೊಂದು ಚಿಮಣಿಯಲ್ಲಿ ಪ್ರತ್ಯಕ್ಷವಾಗುತ್ತದೆ, ಅಷ್ಟೇ.

ಮೂರನೆಯದು ನಿಲುಗಡೆಯಿಂದ ಬರುವ ಇಳಿಕೆ. 2022ರಲ್ಲಿ ಉಕ್ರೇನ್ ಯುದ್ಧದಿಂದಾಗಿ ಯುರೋಪಿನಲ್ಲಿ ಅನಿಲದ ಬೆಲೆ ಗಗನಕ್ಕೇರಿತು. 2023ರ ಫೆಬ್ರವರಿಯಲ್ಲಿ ಬಿಎಎಸ್‌ಎಫ್ ಲುಡ್ವಿಗ್ಸ್‌ಹಾಫೆನ್‌ನ ಎರಡು ಅಮೋನಿಯಾ ಘಟಕಗಳಲ್ಲಿ ಒಂದನ್ನೂ ಇನ್ನೂ ಕೆಲವು ಘಟಕಗಳನ್ನೂ ಮುಚ್ಚುವುದಾಗಿ ಘೋಷಿಸಿತು. ಅಲ್ಲಿನ ಉತ್ಪಾದನಾ ವಿಭಾಗದ ಸುಮಾರು 700 ಹುದ್ದೆಗಳು ಇದರಿಂದ ಬಾಧಿತವಾದವು. ಅವರಲ್ಲಿ ಹೆಚ್ಚಿನವರಿಗೆ ಬೇರೆ ಘಟಕಗಳಲ್ಲಿ ಕೆಲಸ ಸಿಗುವ ವಿಶ್ವಾಸವಿದೆಯೆಂದು ಕಂಪನಿ ಹೇಳಿದ್ದನ್ನೂ ನ್ಯಾಯದೃಷ್ಟಿಯಿಂದ ಇಲ್ಲಿ ಹೇಳಬೇಕು. ಮುಚ್ಚಿದ ಘಟಕದ ಹೊಗೆ ಲೆಕ್ಕದಿಂದ ಇಳಿಯುವುದು ಸಹಜ. ಆದರೆ ಜಗತ್ತಿಗೆ ಆ ವಸ್ತುವಿನ ಅಗತ್ಯ ಇಳಿಯಿತೇ? ಇಲ್ಲವೆಂದಾದರೆ ಅದು ಬೇರೆಲ್ಲೋ ತಯಾರಾಗುತ್ತದೆ; ಬಹುಶಃ ಹೆಚ್ಚು ಹೊಗೆಯೊಡನೆಯೇ.

ನಮ್ಮ ಅಂಗಳವನ್ನು ಗುಡಿಸಿ ಕಸವನ್ನು ನೆರೆಮನೆಯ ಬೇಲಿಯಾಚೆ ತಳ್ಳಿದರೆ ಅದು ಶುಚಿತ್ವವಲ್ಲ. ಬಿಎಎಸ್‌ಎಫ್ ತನ್ನ ಹೊರಸೂಸುವಿಕೆಯನ್ನು 2018ಕ್ಕೆ ಹೋಲಿಸಿ 2030ರೊಳಗೆ ಶೇಕಡಾ 25ರಷ್ಟು ತಗ್ಗಿಸುವ, 2050ರೊಳಗೆ ನಿವ್ವಳ ಶೂನ್ಯಕ್ಕೆ ತರುವ ಗುರಿಗಳನ್ನು ಇಟ್ಟುಕೊಂಡಿದೆ. ಒಂದೇ ಅಂಕೆಯೊಳಗೆ ಮಿತವ್ಯಯ, ಬದಲಾವಣೆ, ನಿಲುಗಡೆ ಮೂರೂ ಬೆರೆತುಹೋದರೆ ಗೌರವ ಸಲ್ಲಬೇಕಾದ ಎಂಜಿನಿಯರನ ಶ್ರಮವೂ, ಉದ್ಯೋಗವೇ ಅನಿಶ್ಚಿತವಾದ ಕಾರ್ಮಿಕನ ಸಂಕಟವೂ ಒಂದೇ ಗೆರೆಯಡಿ ಅಡಗಿಬಿಡುತ್ತವೆ. ಆದ್ದರಿಂದ ಈ ಕಂಪನಿಯಿರಲಿ, ಯಾವುದೇ ಕಂಪನಿಯಿರಲಿ, ಒಟ್ಟು ಇಳಿಕೆಯಲ್ಲಿ ಈ ಮೂರರ ಪಾಲನ್ನು ಬೇರೆಬೇರೆಯಾಗಿ ತೋರಿಸಬೇಕೆಂಬುದು ನನ್ನ ಅಭಿಪ್ರಾಯ. ಒಂದು ಟನ್ ಉತ್ಪನ್ನಕ್ಕೆ ಎಷ್ಟು ಇಂಧನ ತಗುಲಿತು ಎಂಬ ಲೆಕ್ಕವೂ ಅದರ ಜೊತೆಗಿರಬೇಕು. ಸತ್ಯವನ್ನು ಹೇಳುವುದೆಂದರೆ ಸುಳ್ಳಾಡದಿರುವುದಷ್ಟೇ ಅಲ್ಲ. ಕೇಳುವವನು ತಪ್ಪಾಗಿ ತಿಳಿಯದಂತೆ ಹೇಳುವುದೂ ಹೌದು.

ಇದೆಲ್ಲ ದೂರದ ಜರ್ಮನಿಯ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ. ಎಂ.ಸಿ.ಎಫ್. ಎಂಬ ಹೆಸರಿನಿಂದ ನಾವೆಲ್ಲ ಬಲ್ಲ ಪಣಂಬೂರಿನ ಗೊಬ್ಬರದ ಕಾರ್ಖಾನೆ 1976ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ದಶಕಗಳ ಕಾಲ ಅದು ನಾಫ್ತಾವನ್ನು ಅವಲಂಬಿಸಿತ್ತು. 2021ರ ಜನವರಿ 5ರಂದು ಲೋಕಾರ್ಪಣೆಗೊಂಡ ಸುಮಾರು 450 ಕಿಲೋಮೀಟರ್ ಉದ್ದದ ಕೊಚ್ಚಿ–ಮಂಗಳೂರು ಕೊಳವೆ ಮಾರ್ಗದಿಂದಾಗಿ ಅದು ನೈಸರ್ಗಿಕ ಅನಿಲಕ್ಕೆ ಬದಲಾಯಿತು. ನಾಫ್ತಾಕ್ಕೆ ಹೋಲಿಸಿದರೆ ಅನಿಲದಲ್ಲಿ ಇಂಗಾಲದ ಪಾಲು ಕಡಿಮೆ, ಜಲಜನಕದ ಪಾಲು ಹೆಚ್ಚು. ಇದು ಎರಡನೆಯ ಬಗೆಯ, ನಿಜವಾದ ಇಳಿಕೆ.

ಆದರೆ ಯೂರಿಯಾದ ಕಥೆ ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದಿಲ್ಲ. ಒಂದು ಟನ್ ಯೂರಿಯಾ ತಯಾರಿಸಲು ಸುಮಾರು 0.73 ಟನ್ ಇಂಗಾಲದ ಡೈಆಕ್ಸೈಡ್ ಬಳಕೆಯಾಗುತ್ತದೆ. ಅದು ಉಳಿತಾಯವೆಂದು ತೋರಿದರೂ ಗೊಬ್ಬರವು ಗದ್ದೆಯ ಮಣ್ಣಿಗೆ ಬಿದ್ದು ಕರಗಿದಾಗ ಆ ಅನಿಲ ಮತ್ತೆ ಗಾಳಿಗೆ ಸೇರುತ್ತದೆ. ಅಗತ್ಯಕ್ಕಿಂತ ಹೆಚ್ಚು ಸುರಿದರೆ ಬೆಳೆ ಹೀರಿಕೊಳ್ಳದ ಸಾರಜನಕದ ಒಂದಂಶ ಮೊದಲು ಹೇಳಿದ ನೈಟ್ರಸ್ ಆಕ್ಸೈಡಾಗಿ ಏಳುತ್ತದೆ. ಹೀಗೆ ಕಾರ್ಖಾನೆಯವನು ಕಷ್ಟಪಟ್ಟು ಗಳಿಸಿದ ಇಳಿಕೆಯನ್ನು ರೈತನ ಅಜಾಗರೂಕತೆ ಕಳೆದುಬಿಡಬಲ್ಲದು.

ನಮ್ಮ ಕುಟುಂಬಗಳಲ್ಲಿ ಕೃಷಿಕರಿದ್ದಾರೆ. ಕಾರ್ಖಾನೆಗಳಲ್ಲಿ ದುಡಿಯುವವರೂ, ರಾಸಾಯನಿಕ ಎಂಜಿನಿಯರುಗಳಾಗಲು ಓದುತ್ತಿರುವ ಮಕ್ಕಳೂ ಇದ್ದಾರೆ. ಕೃಷಿಕರು ಮಣ್ಣನ್ನು ಪರೀಕ್ಷೆ ಮಾಡಿಸಿ ಬೆಳೆಗೆ ಬೇಕಾದಷ್ಟೇ ಗೊಬ್ಬರ ಹಾಕಲಿ. ನಾಳೆ ಕಂಪನಿಯ ವರದಿಯನ್ನು ಬರೆಯುವ ಸ್ಥಾನ ನಮ್ಮ ಮಗನಿಗೋ ಮಗಳಿಗೋ ಒದಗಿದರೆ, ‘ಇಳಿಕೆ’ ಎಂಬ ಪದದ ಮುಂದೆ ‘ಯಾವುದರಿಂದ?’ ಎಂಬ ಪ್ರಶ್ನೆಯನ್ನು ತಾವಾಗಿಯೇ ಕೇಳಿಕೊಂಡು, ಅದಕ್ಕೆ ಉತ್ತರವನ್ನೂ ಅದೇ ಪುಟದಲ್ಲಿ ಬರೆಯುವ ಧೈರ್ಯ ಅವರಿಗಿರಲಿ. ಆ ಧೈರ್ಯವನ್ನು ಕಲಿಸಬೇಕಾದದ್ದು ಕಾಲೇಜಿನ ಪ್ರಯೋಗಾಲಯ ಮಾತ್ರವಲ್ಲ, ನಮ್ಮ ಮನೆಗಳೂ ಹೌದು.